ಆರ್‌ವಿಗೆ ಕರೆಂಟ್ ಕೊಡುವ ಮುಂಚೆ: ಕ್ಯಾಂಪ್‌ಗ್ರೌಂಡ್‌ನಲ್ಲಿ ಮಾಡಬೇಕಾದ ಹತ್ತು ನಿಮಿಷದ ಕೆಲಸ

ಅಮೆರಿಕದ ಯೂಟಾ ರಾಜ್ಯದ ಒಂದು ಕ್ಯಾಂಪ್‌ಗ್ರೌಂಡ್, ಅಂದರೆ ಗಾಡಿ ನಿಲ್ಲಿಸಿ ತಂಗುವ ಜಾಗ. ಜುಲೈ ತಿಂಗಳ ಒಂದು ಮಧ್ಯಾಹ್ನ. ನಮ್ಮ ಆರ್‌ವಿಯಲ್ಲಿ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವಂಥ ಟ್ರೇಲರ್‌ನಲ್ಲಿ, ಎಸಿ ಓಡುತ್ತಿತ್ತು, ಆದರೆ ತಂಪು ಬರುತ್ತಿರಲಿಲ್ಲ. ನಾನು ಸ್ಟೂಲ್ ಹತ್ತಿ ಫಿಲ್ಟರ್ ಬಿಚ್ಚಿ ನೋಡುತ್ತಿದ್ದೆ. ಅಪ್ಪ ಅರಸೀಕೆರೆಯಿಂದ ಬಂದು ಆಗಿನ್ನೂ ಮೂರು ವಾರ. ಸ್ವಲ್ಪ ಹೊತ್ತು ಮೇಲಕ್ಕೆ ಕಿವಿಗೊಟ್ಟು ಕೂತಿದ್ದವರು, "ಮೊದಲು ಅದನ್ನ ಆಫ್ ಮಾಡು. ವೋಲ್ಟೇಜ್ ಇಲ್ಲ. ಮೋಟಾರ್ ಗೊಣಗ್ತಾ ಇದೆ" ಅಂದರು. ನಲವತ್ತು ವರ್ಷ ತೆಂಗಿನ ತೋಟದ ಪಂಪ್‌ಸೆಟ್ ನೋಡಿಕೊಂಡವರ ಕಿವಿ ಅದು.

ಆಫ್ ಮಾಡಿ ಹೊರಗೆ ಹೋಗಿ ಪ್ಲಗ್ ಮುಟ್ಟಿದೆ. ಕೈ ಇಡಲು ಆಗದಷ್ಟು ಕಾದಿತ್ತು. ಬ್ರೇಕರ್ ಇಳಿಸಿ ಪ್ಲಗ್ ಕಿತ್ತು ನೋಡಿದರೆ, ಮೂರು ಪಿನ್‌ಗಳಲ್ಲಿ ಒಂದು ಕಂದು ಬಣ್ಣಕ್ಕೆ ತಿರುಗಿತ್ತು. ಅದರ ಬುಡದ ಪ್ಲಾಸ್ಟಿಕ್ ಕರಗಿ ಉಬ್ಬಿತ್ತು. ನನ್ನ ಹತ್ತಿರ ಸರ್ಜ್ ಪ್ರೊಟೆಕ್ಟರ್, ಅಂದರೆ ವೋಲ್ಟೇಜ್ ಹಠಾತ್ತನೆ ಏರಿದರೆ ತಡೆಯುವ ಯಂತ್ರ, ಇತ್ತು. ಆ ಪ್ಲಗ್ಗಿಗೇ ಹಾಕಿದ್ದೆ. ಅದರ ಹಸಿರು ದೀಪ ಆಗಲೂ ಚೆನ್ನಾಗಿಯೇ ಉರಿಯುತ್ತಿತ್ತು.

ಅವತ್ತು ನನಗೆ ಗೊತ್ತಾಗಿದ್ದು ಇದು. ಆರ್‌ವಿ ಕೊಂಡವರೆಲ್ಲ ಹೆದರುವುದು ಸಿಡಿಲಿಗೆ, ಸರ್ಜ್‌ಗೆ. ಆದರೆ ಕ್ಯಾಂಪ್‌ಗ್ರೌಂಡ್‌ನಲ್ಲಿ ಸಾಮಾನ್ಯವಾಗಿ ಗಾಡಿ ಹಾಳಾಗುವುದು ಮೇಲಿಂದ ಬೀಳುವ ಸಿಡಿಲಿನಿಂದಲ್ಲ. ಕಮ್ಮಿ ವೋಲ್ಟೇಜ್, ಬಿಟ್ಟುಹೋದ ನ್ಯೂಟ್ರಲ್, ಸಡಿಲ ಸಾಕೆಟ್, ಈ ಮೂರರಿಂದ. ಮೂರನ್ನೂ ಪ್ಲಗ್ ಹಾಕುವ ಮುಂಚೆಯೋ, ಹಾಕಿದ ಮೊದಲ ಗಂಟೆಯಲ್ಲೋ ಹಿಡಿಯಬಹುದು. ಹೇಗೆ ಅಂತ ಇಲ್ಲಿ ಒಂದೊಂದಾಗಿ ಬರೆಯುತ್ತೇನೆ. ಅಮೆರಿಕ, ಕೆನಡಾದಲ್ಲಿ ಇರುವವರಿಗೆ, ರಜೆಗೆ ಬಂದು ಆರ್‌ವಿ ಬಾಡಿಗೆಗೆ ತೆಗೆದುಕೊಳ್ಳುವವರಿಗೆ ಇದು ಬೇಕಾಗುತ್ತದೆ.

ನಿಮ್ಮ ಗಾಡಿ 30 ಆಂಪಿಯರ್‌ದೋ, 50 ಆಂಪಿಯರ್‌ದೋ?

ಇದನ್ನು ಮೊದಲು ತಿಳಿದುಕೊಳ್ಳಿ. ಕೇಬಲ್ ತುದಿಯ ಪಿನ್ ಎಣಿಸಿದರೆ ಸಾಕು. ಮೂರು ಪಿನ್ ಇದ್ದರೆ 30 ಆಂಪಿಯರ್. ಒಂದು ಹಾಟ್ (ನಮ್ಮ ಕಡೆಯ ಫೇಸ್), ಒಂದು ನ್ಯೂಟ್ರಲ್, ಒಂದು ಗ್ರೌಂಡ್ (ಅರ್ತಿಂಗ್). 120 ವೋಲ್ಟ್‌ನಲ್ಲಿ ಒಟ್ಟು 3,600 ವ್ಯಾಟ್ ಸಿಗುತ್ತದೆ. ನಾಲ್ಕು ಪಿನ್ ಇದ್ದರೆ 50 ಆಂಪಿಯರ್. ಅದರಲ್ಲಿ ಹಾಟ್ ವೈರ್ ಎರಡು, ಒಂದೊಂದರಲ್ಲೂ 120 ವೋಲ್ಟ್, 50 ಆಂಪಿಯರ್. ಅಂದರೆ ಒಟ್ಟು 12,000 ವ್ಯಾಟ್. 30 ಮತ್ತು 50ರ ನಡುವೆ ವ್ಯತ್ಯಾಸ ಇಪ್ಪತ್ತೇ ಆಂಪಿಯರ್ ಅಂತ ಅನ್ನಿಸಿದರೂ ಶಕ್ತಿ ಮೂರು ಪಟ್ಟಿಗಿಂತ ಜಾಸ್ತಿ.

ಕ್ಯಾಂಪ್ ಸೈಟಿನಲ್ಲಿ ಸೊಂಟದೆತ್ತರಕ್ಕೆ ಒಂದು ಪೆಟ್ಟಿಗೆ ನಿಂತಿರುತ್ತದಲ್ಲ, ಅದನ್ನು ಪೆಡೆಸ್ಟಲ್ ಅನ್ನುತ್ತಾರೆ. ಅದರೊಳಗೆ ಸಾಮಾನ್ಯವಾಗಿ 20, 30, 50 ಆಂಪಿಯರ್‌ನ ಮೂರು ಸಾಕೆಟ್, ಒಂದೊಂದಕ್ಕೂ ಒಂದೊಂದು ಬ್ರೇಕರ್ ಇರುತ್ತವೆ. ಹಳೆಯ ಪಾರ್ಕ್‌ಗಳಲ್ಲಿ 30ರದ್ದು ಮಾತ್ರ ಇರಬಹುದು. ಎಲ್ಲ ಕಡೆ ಕರೆಂಟ್ ಇರುತ್ತದೆ ಅಂತಲೂ ಅಂದುಕೊಳ್ಳಬೇಡಿ. ಯೋಸೆಮಿಟಿ ಪಾರ್ಕ್ ಒಳಗಿನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಕರೆಂಟ್ ಹುಕ್ಅಪ್ (ಗಾಡಿಗೆ ಕರೆಂಟ್ ಕೊಡುವ ಸಂಪರ್ಕ) ಇಲ್ಲವೇ ಇಲ್ಲ. ಯೆಲ್ಲೋಸ್ಟೋನ್ ಒಳಗೆ ಹುಕ್ಅಪ್ ಇರುವುದು ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್‌ನಲ್ಲಿ ಮಾತ್ರ. ಗ್ರ್ಯಾಂಡ್ ಕ್ಯಾನ್ಯನ್ ದಕ್ಷಿಣ ದಂಡೆಯಲ್ಲಿ ಟ್ರೇಲರ್ ವಿಲೇಜ್ ಅನ್ನುವ ಹುಕ್ಅಪ್ ಇರುವ ಪಾರ್ಕ್ ಇದೆ. ಜಾಯನ್ ರಾಷ್ಟ್ರೀಯ ಉದ್ಯಾನದ ವಾಚ್‌ಮನ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಕೆಲವು ಸೈಟ್‌ಗಳಿಗೆ ಕರೆಂಟ್ ಇದೆ.

ತಪ್ಪು ಎಲ್ಲೆಲ್ಲಿ ಆಗುತ್ತದೆ

ಕಮ್ಮಿ ವೋಲ್ಟೇಜ್ ನಮಗೆ ಹೊಸದಲ್ಲ. ಊರಿನಲ್ಲಿ ಸಂಜೆ ಬಲ್ಬು ಕೆಂಪಗಾಗುವುದು, ಫ್ರಿಜ್‌ಗೆ ಸ್ಟೆಬಿಲೈಜರ್ ಇಡುವುದು ನೋಡಿಕೊಂಡೇ ಬೆಳೆದವರು ನಾವು. ಅಮೆರಿಕದಲ್ಲೂ ಹಾಗೆ ಆಗುತ್ತಾ ಅಂದರೆ, ಮನೆಯಲ್ಲಿ ಅಪರೂಪ, ಕ್ಯಾಂಪ್‌ಗ್ರೌಂಡ್‌ನಲ್ಲಿ ಮಾಮೂಲು. ಕಾರಣ ಸರಳ. ಅಲ್ಲಿನ ರಾಷ್ಟ್ರೀಯ ಎಲೆಕ್ಟ್ರಿಕಲ್ ಕೋಡ್ ಪ್ರಕಾರ ಆರ್‌ವಿ ಪಾರ್ಕಿಗೆ ವೈರಿಂಗ್ ಮಾಡುವಾಗ, ಎಲ್ಲ ಸೈಟ್‌ಗಳೂ ಒಟ್ಟಿಗೆ ಪೂರ್ತಿ ಕರೆಂಟ್ ಎಳೆಯುತ್ತವೆ ಅಂತ ಲೆಕ್ಕ ಹಾಕುವುದಿಲ್ಲ. 36 ಅಥವಾ ಹೆಚ್ಚು ಸೈಟ್ ಇರುವ ಪಾರ್ಕಿಗೆ ಒಟ್ಟು ಲೋಡಿನ 41 ಪರ್ಸೆಂಟ್‌ಗೆ ಮುಖ್ಯ ವೈರ್ ಹಾಕಿದರೆ ಸಾಕು. ಬಹಳಷ್ಟು ದಿನ ಅದು ಸಾಕಾಗುತ್ತದೆ ಕೂಡ. ಆದರೆ ಜುಲೈ 4ರ ರಜೆಯಲ್ಲಿ ಪಾರ್ಕ್ ಭರ್ತಿಯಾಗಿ, ಮಧ್ಯಾಹ್ನ ಮೂರು ಗಂಟೆಗೆ ಪ್ರತಿ ಗಾಡಿಯಲ್ಲೂ ಎರಡೆರಡು ಎಸಿ ಓಡುವಾಗ? ಸಾಲಿನ ಕೊನೆಯ ಸೈಟಿನವರಿಗೆ 120ರ ಬದಲು 106 ಬರುತ್ತದೆ. ಈಗ ಜೊತೆಗೆ ಕೆಲವರು 50 ಆಂಪಿಯರ್ ಸಾಕೆಟ್‌ನಲ್ಲಿ ಎಲೆಕ್ಟ್ರಿಕ್ ಕಾರನ್ನೂ ಚಾರ್ಜ್ ಮಾಡುತ್ತಾರೆ.

ವೋಲ್ಟೇಜ್ ಇಳಿದರೆ ಎಸಿ ಕಂಪ್ರೆಸರ್ ಸುಮ್ಮನೆ ನಿಧಾನ ಆಗುವುದಿಲ್ಲ. ಅದೇ ಕೆಲಸಕ್ಕೆ ಜಾಸ್ತಿ ಆಂಪಿಯರ್ ಎಳೆಯುತ್ತದೆ, ಒಳಗಿನ ಸುರುಳಿ ಕಾಯುತ್ತದೆ, ದಿನದಿನವೂ ಅದರ ಆಯಸ್ಸು ಕಮ್ಮಿ ಆಗುತ್ತದೆ. ಅವತ್ತೇ ಸುಡಬೇಕೆಂದಿಲ್ಲ. ಎರಡು ವರ್ಷ ಬಿಟ್ಟು ಸುಟ್ಟಾಗ "ಎಸಿ ಹಳೆಯದಾಗಿತ್ತು" ಅಂದುಕೊಳ್ಳುತ್ತೇವೆ.

ನ್ಯೂಟ್ರಲ್ ಕಟ್ ಆಗುವುದು ಇದಕ್ಕಿಂತ ಭಯಾನಕ. ಬೀದಿಯಲ್ಲಿ ನ್ಯೂಟ್ರಲ್ ಕಟ್ ಆಗಿ ಸಾಲು ಮನೆಗಳ ಟಿವಿ ಒಟ್ಟಿಗೆ ಸುಟ್ಟ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? 50 ಆಂಪಿಯರ್ ಆರ್‌ವಿಯಲ್ಲೂ ಆಗುವುದು ಅದೇ. ಎರಡು ಹಾಟ್ ವೈರ್‌ಗಳ ನಡುವೆ 240 ವೋಲ್ಟ್ ಇರುತ್ತದೆ. ಅದನ್ನು ಸಮನಾಗಿ 120, 120 ಅಂತ ಹಂಚಿ ಹಿಡಿದಿರುವುದು ನ್ಯೂಟ್ರಲ್. ಅದು ಬಿಟ್ಟುಹೋದರೆ ಹಂಚಿಕೆ ಲೋಡಿನ ಪ್ರಕಾರ ಆಗುತ್ತದೆ. ಎಸಿಯಂಥ ದೊಡ್ಡ ಲೋಡ್ ಇರುವ ಕಡೆ 60 ವೋಲ್ಟ್, ಟಿವಿ, ಚಾರ್ಜರ್‌ನಂಥ ಸಣ್ಣ ಸಾಮಾನು ಇರುವ ಕಡೆ 180 ವೋಲ್ಟ್ ಆಗಬಹುದು. ಕೆಲವೇ ಸೆಕೆಂಡು. ಮೈಕ್ರೋವೇವ್ ಬೋರ್ಡು, ಟಿವಿ, ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್, ಎಲ್ಲ ಒಟ್ಟಿಗೆ ಹೋಗುತ್ತವೆ. 30 ಆಂಪಿಯರ್ ಗಾಡಿಗೆ ಒಂದೇ ಹಾಟ್ ವೈರ್ ಇರುವುದರಿಂದ ನ್ಯೂಟ್ರಲ್ ಕಟ್ ಆದರೆ ಸಾಮಾನ್ಯವಾಗಿ ಕರೆಂಟೇ ನಿಂತುಹೋಗುತ್ತದೆ. ಅಷ್ಟರ ಮಟ್ಟಿಗೆ ಅದು ಸುರಕ್ಷಿತ.

ಗ್ರೌಂಡ್ ಇಲ್ಲದಿದ್ದರೆ ಸಾಮಾನು ಸುಡುವುದಿಲ್ಲ, ಮನುಷ್ಯರಿಗೆ ಅಪಾಯ. ಗಾಡಿಯ ಒಳಗೆ ಎಲ್ಲೋ ಸ್ವಲ್ಪ ಕರೆಂಟ್ ಲೀಕ್ ಆಗುತ್ತಿದ್ದರೆ ಅದು ಹೋಗಲು ದಾರಿ ಇಲ್ಲದೆ ಲೋಹದ ಮೈಗೆಲ್ಲ ಹರಡುತ್ತದೆ. ಬೆಳಿಗ್ಗೆ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿ ಹಿಡಿದರೆ ಜುಮ್ ಅನ್ನುತ್ತದೆ. ಮಕ್ಕಳು "ಗಾಡಿ ಕಚ್ಚುತ್ತೆ" ಅಂದರೆ ನಗಬೇಡಿ. ಆ ಕ್ಷಣವೇ ಬ್ರೇಕರ್ ಇಳಿಸಿ, ಎಲ್ಲರನ್ನೂ ದೂರ ನಿಲ್ಲಿಸಿ. ಕಾರಣ ಗೊತ್ತಾಗಿ ಸರಿಯಾಗುವವರೆಗೆ ಮತ್ತೆ ಪ್ಲಗ್ ಹಾಕಬೇಡಿ.

ನಿಜವಾದ ಸರ್ಜ್ ಅಂದರೆ ಹತ್ತಿರದಲ್ಲಿ ಸಿಡಿಲು ಬಿದ್ದಾಗ, ಅಥವಾ ಹೋದ ಕರೆಂಟ್ ಧಡಕ್ಕನೆ ವಾಪಸ್ ಬಂದಾಗ ಸೆಕೆಂಡಿನ ಸಣ್ಣ ಭಾಗದಷ್ಟು ಹೊತ್ತು ಏರುವ ವೋಲ್ಟೇಜ್. ಅದೂ ಆಗುತ್ತದೆ. ಆದರೆ ಬರೀ ಅದೊಂದಕ್ಕೆ ತಯಾರಾಗಿ ಉಳಿದದ್ದನ್ನು ಬಿಟ್ಟರೆ ನನ್ನ ಪ್ಲಗ್ಗಿಗೆ ಆದ ಗತಿಯೇ ಆಗುವುದು.

ಯಾವ ಯಂತ್ರ ಕೊಳ್ಳಬೇಕು

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಹೊರಗಿನಿಂದ ನೋಡಲು ಎರಡೂ ಒಂದೇ ಥರ ಇರುವುದರಿಂದ ಇಲ್ಲೇ ಜನ ಎಡವುವುದು.

ಒಂದು, ಬರೀ ಸರ್ಜ್ ಪ್ರೊಟೆಕ್ಟರ್. ಒಳಗೆ ವ್ಯಾರಿಸ್ಟರ್ ಅನ್ನುವ ಬಿಲ್ಲೆಗಳಿರುತ್ತವೆ. ವೋಲ್ಟೇಜ್ ಹಠಾತ್ತನೆ ಏರಿದಾಗ ಅವು ಅದನ್ನು ತಾವು ನುಂಗಿಕೊಂಡು ಗಾಡಿಯನ್ನು ಕಾಯುತ್ತವೆ. ವೈರಿಂಗ್ ತಪ್ಪಿದ್ದರೆ ದೀಪ ಹಾಕಿ ತೋರಿಸುತ್ತವೆ. ಆದರೆ ಈ ಬಗೆಯವು ಸಾಮಾನ್ಯವಾಗಿ ಕರೆಂಟ್ ಕಡಿಯುವುದಿಲ್ಲ. ವೋಲ್ಟೇಜ್ 100ಕ್ಕೆ ಇಳಿದರೂ ಸುಮ್ಮನೆ ಇರುತ್ತವೆ.

ಇನ್ನೊಂದು, ಇಎಂಎಸ್ (ಎಲೆಕ್ಟ್ರಿಕಲ್ ಮ್ಯಾನೇಜ್‌ಮೆಂಟ್ ಸಿಸ್ಟಮ್). ಇದರೊಳಗೆ ಸರ್ಜ್ ತಡೆಯುವ ಬಿಲ್ಲೆಗಳ ಜೊತೆಗೆ ವೋಲ್ಟೇಜ್ ಅಳೆಯುವ ಬೋರ್ಡು, ಕರೆಂಟ್ ಕಡಿಯುವ ದೊಡ್ಡ ರಿಲೇ ಇರುತ್ತವೆ. ಸಾಮಾನ್ಯವಾಗಿ 104 ವೋಲ್ಟ್‌ಗಿಂತ ಕೆಳಗೆ ಇಳಿದರೆ ಅಥವಾ 132 ದಾಟಿದರೆ ತಾನೇ ಕಡಿದುಬಿಡುತ್ತದೆ. ನ್ಯೂಟ್ರಲ್ ಇಲ್ಲ, ಗ್ರೌಂಡ್ ಇಲ್ಲ, ಹಾಟ್ ಮತ್ತು ನ್ಯೂಟ್ರಲ್ ಅದಲು ಬದಲಾಗಿವೆ ಅಂದರೆ ಗಾಡಿಗೆ ಕರೆಂಟ್ ಬಿಡುವುದೇ ಇಲ್ಲ. ನಮ್ಮ ಸ್ಟೆಬಿಲೈಜರ್ ಥರ ಇದು ವೋಲ್ಟೇಜ್ ಏರಿಸುವುದಿಲ್ಲ. ಸರಿ ಇದ್ದರೆ ಬಿಡುತ್ತದೆ, ಇಲ್ಲದಿದ್ದರೆ ತಡೆಯುತ್ತದೆ, ಅಷ್ಟೇ.

ಪ್ರೋಗ್ರೆಸಿವ್ ಇಂಡಸ್ಟ್ರೀಸ್, ಹ್ಯೂಸ್ ಅವರ ಪವರ್ ವಾಚ್‌ಡಾಗ್, ಸೌತ್‌ವೈರ್ ಅವರ ಸರ್ಜ್ ಗಾರ್ಡ್, ಇವು ಆರ್‌ವಿ ಜನರ ಬಾಯಲ್ಲಿ ಓಡಾಡುವ ಹೆಸರುಗಳು. ಇಎಂಎಸ್ ಬಗೆಯದಕ್ಕೆ ಸುಮಾರು 250ರಿಂದ 400 ಡಾಲರ್ ಆಗುತ್ತದೆ. ದುಬಾರಿ ಅನ್ನಿಸುತ್ತದೆ, ಒಪ್ಪುತ್ತೇನೆ. ಒಂದು ಹೊಸ ಎಸಿ, ಒಂದು ಕನ್ವರ್ಟರ್ ಹಾಕಿಸುವ ಖರ್ಚು ಕೇಳಿ ನೋಡಿ, ಆಮೇಲೆ ಹಾಗನ್ನಿಸುವುದಿಲ್ಲ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ "ಇಎಂಎಸ್" ಅಂತ ಇದೆಯಾ, ಕಮ್ಮಿ ವೋಲ್ಟೇಜ್‌ಗೆ ಕರೆಂಟ್ ಕಡಿಯುತ್ತದಾ, ಇವೆರಡನ್ನೂ ಓದಿ ಖಚಿತ ಮಾಡಿಕೊಳ್ಳಿ. ಒಂದೇ ಕಂಪನಿ ಎರಡೂ ಬಗೆಯನ್ನು ಮಾರುತ್ತದೆ.

ಪೆಡೆಸ್ಟಲ್‌ಗೆ ನೇತುಹಾಕುವ ಪೋರ್ಟಬಲ್ ತಗೋಬೇಕಾ, ಗಾಡಿಯೊಳಗೆ ಕೂರಿಸುವುದಾ? ಬಾಡಿಗೆ ಗಾಡಿಯವರಿಗೆ ಪೋರ್ಟಬಲ್ ಬಿಟ್ಟು ಬೇರೆ ದಾರಿ ಇಲ್ಲ. ಸ್ವಂತ ಗಾಡಿ ಇದ್ದು ಹತ್ತು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ ಒಳಗೇ ಕೂರಿಸಿ. ಮಳೆ ಇಲ್ಲ, ಕಳ್ಳತನದ ಭಯ ಇಲ್ಲ, ಮರೆಯುವ ಮಾತೂ ಇಲ್ಲ. ಪೋರ್ಟಬಲ್ ಆದರೆ ಸಣ್ಣ ಬೀಗ, ಸೈಕಲ್ ಕೇಬಲ್ ಇಟ್ಟುಕೊಳ್ಳಿ. ನೀರು ನಿಲ್ಲುವ ನೆಲದ ಮೇಲೆ ಮಲಗಿಸಬೇಡಿ.

ಗಾಡಿ ಬಾಡಿಗೆಗೆ ಕೊಡುವವರು ಇದನ್ನೂ ಕೊಟ್ಟಿರುತ್ತಾರೆ ಅಂತ ಅಂದುಕೊಳ್ಳಬೇಡಿ. ಬುಕ್ ಮಾಡುವಾಗಲೇ ಕೇಳಿ.

ಇದರ ಜೊತೆಗೆ ಬ್ಯಾಗಿನಲ್ಲಿ ಇರಬೇಕಾದ್ದು: ಒಂದು ಮಲ್ಟಿಮೀಟರ್, ಪೆನ್ನಿನಂಥ ಮುಟ್ಟದೆ ನೋಡುವ ವೋಲ್ಟೇಜ್ ಟೆಸ್ಟರ್, ಒಂದು ಟಾರ್ಚ್, ಮತ್ತು 50ರಿಂದ 30ಕ್ಕೆ, 30ರಿಂದ 50ಕ್ಕೆ ಬದಲಾಯಿಸುವ ಅಡಾಪ್ಟರ್‌ಗಳು. ಈ ಅಡಾಪ್ಟರ್‌ಗಳಿಗೆ ಅಲ್ಲಿ ಡಾಗ್‌ಬೋನ್ ಅನ್ನುತ್ತಾರೆ, ನಾಯಿ ಕಚ್ಚುವ ಮೂಳೆಯ ಹಾಗೆ ಕಾಣುತ್ತವೆ. ಮನೆಯಲ್ಲಿ ಬಿದ್ದಿರುವ ಮಾಮೂಲಿ ಎಕ್ಸ್‌ಟೆನ್ಷನ್ ವೈರ್ ಮಾತ್ರ ತರಲೇಬೇಡಿ. 30 ಆಂಪಿಯರ್‌ಗೆ 10 ಗೇಜ್ ವೈರ್ ಬೇಕು (ಗೇಜ್ ಅಂದರೆ ವೈರಿನ ದಪ್ಪದ ಅಳತೆ, ಅಂಕಿ ಸಣ್ಣದಾದಷ್ಟೂ ವೈರ್ ದಪ್ಪ). 50 ಅಡಿ ಉದ್ದದ 10 ಗೇಜ್ ವೈರಿನಲ್ಲಿ 25 ಆಂಪಿಯರ್ ಹರಿದರೆ ಸುಮಾರು ಎರಡೂವರೆ ವೋಲ್ಟ್ ಕಮ್ಮಿ ಆಗುತ್ತದೆ. ಅದೇ ತೆಳು 14 ಗೇಜ್ ಆದರೆ ಆರು ವೋಲ್ಟ್ ಹೋಗುತ್ತದೆ, ವೈರೂ ಕಾಯುತ್ತದೆ. ಮೊದಲೇ 108 ಬರುತ್ತಿರುವ ಜಾಗದಲ್ಲಿ ಆ ಆರು ವೋಲ್ಟ್ ಬಹಳ ದೊಡ್ಡದು.

ಸೈಟಿಗೆ ಬಂದ ತಕ್ಷಣ

ಗಾಡಿ ನಿಲ್ಲಿಸಿದ ಕೂಡಲೇ ಜ್ಯಾಕ್ ಇಳಿಸುವುದು, ಚೇರ್ ಹರಡುವುದು ಮಾಡಬೇಡಿ. ಮೊದಲು ಪೆಡೆಸ್ಟಲ್ ನೋಡಿ. ಅದು ಕೆಟ್ಟಿದ್ದರೆ ಸೈಟ್ ಬದಲಾಯಿಸಬೇಕು. ಎಲ್ಲ ಬಿಚ್ಚಿಟ್ಟ ಮೇಲೆ "ಇರಲಿ ಬಿಡು, ಒಂದು ರಾತ್ರಿ ತಾನೇ" ಅಂತ ಮನಸ್ಸು ಹೇಳುತ್ತದೆ. ಆ ಮಾತಿಗೆ ಅವಕಾಶ ಕೊಡಬಾರದು.

ಮುಚ್ಚಳ ತೆಗೆದು ಟಾರ್ಚ್ ಬಿಡಿ. ಕಣಜದ ಗೂಡು, ಇರುವೆ ಇದೆಯಾ ನೋಡಿ. ಸಾಕೆಟ್ ತೂತಿನ ಸುತ್ತ ಕಂದು ಅಥವಾ ಕಪ್ಪು ಬಣ್ಣ, ಕರಗಿದ ಪ್ಲಾಸ್ಟಿಕ್, ಸುಟ್ಟ ವಾಸನೆ, ಇವುಗಳಲ್ಲಿ ಒಂದು ಇದ್ದರೂ ಅಲ್ಲಿಗೆ ಮುಗಿಯಿತು. ಆಫೀಸಿಗೆ ಹೋಗಿ ಬೇರೆ ಸೈಟ್ ಕೇಳಿ. ನಾನು ಯೂಟಾದಲ್ಲಿ ನೋಡದೇ ಬಿಟ್ಟದ್ದು ಇದನ್ನೇ. ಆಮೇಲೆ ಟಾರ್ಚ್ ಬಿಟ್ಟು ನೋಡಿದಾಗ ಆ ತೂತಿನ ಅಂಚು ಕಡಲೆಕಾಯಿ ಸಿಪ್ಪೆ ಬಣ್ಣಕ್ಕೆ ತಿರುಗಿದ್ದು ಚೆನ್ನಾಗಿ ಕಾಣುತ್ತಿತ್ತು.

ಸಾಕೆಟ್ ಯಾಕೆ ಹಾಗಾಗುತ್ತದೆ? ದಿನಕ್ಕೊಬ್ಬರು ಪ್ಲಗ್ ಹಾಕುತ್ತಾರೆ, ಕೀಳುತ್ತಾರೆ. ಬಹಳ ಜನ ಬ್ರೇಕರ್ ಆಫ್ ಮಾಡದೆಯೇ ಕೀಳುತ್ತಾರೆ. ಪ್ರತಿ ಸಲ ಒಳಗೆ ಕಿಡಿ ಹಾರಿ ಲೋಹದ ಮೇಲೆ ಮಸಿ ಕೂರುತ್ತದೆ, ಹಿಡಿತ ಸಡಿಲ ಆಗುತ್ತದೆ. ಅಂಥ ಸಡಿಲ ಜಾಗದಲ್ಲಿ ಬರೀ 0.1 ಓಮ್ ತಡೆ ಇದ್ದರೂ, 25 ಆಂಪಿಯರ್ ಹರಿದಾಗ 62 ವ್ಯಾಟ್ ಶಾಖ ಹುಟ್ಟುತ್ತದೆ. ಹಳೇ ಕಾಲದ 60 ವ್ಯಾಟ್ ಬಲ್ಬನ್ನು ಉರಿಯುವಾಗ ಮುಟ್ಟಿದ್ದೀರಲ್ವಾ? ಅಷ್ಟು ಶಾಖ ಒಂದು ಪಿನ್ನಿನ ಬುಡದಲ್ಲಿ. ಬ್ರೇಕರ್‌ಗೆ ಇದು ಗೊತ್ತಾಗುವುದಿಲ್ಲ, ಆಂಪಿಯರ್ ಮಿತಿಯೊಳಗೇ ಇರುತ್ತದೆ.

ಆಮೇಲೆ ಎಲ್ಲ ಬ್ರೇಕರ್‌ಗಳನ್ನೂ ಆಫ್ ಮಾಡಿ. ಟಕ್ ಅಂತ ಗಟ್ಟಿಯಾಗಿ ಬೀಳಬೇಕು. ಮೆತ್ತಗೆ ಜಾರಿದರೆ ಆ ಬ್ರೇಕರ್ ಸವೆದಿದೆ.

ಮಲ್ಟಿಮೀಟರ್ ಬಳಸಿ ಅಭ್ಯಾಸ ಇದ್ದವರು ಈಗ ಬ್ರೇಕರ್ ಆನ್ ಮಾಡಿ ಅಳೆಯಿರಿ. ಮೀಟರ್ ಎಸಿ (ಆಲ್ಟರ್ನೇಟಿಂಗ್ ಕರೆಂಟ್) ವೋಲ್ಟ್‌ನಲ್ಲಿರಲಿ. ಒಣ ಕೈ, ಕಾಲಿಗೆ ಶೂ, ಮಕ್ಕಳು ದೂರ. 30 ಆಂಪಿಯರ್ ಸಾಕೆಟ್‌ನಲ್ಲಿ ದುಂಡನೆಯ ತೂತು ಗ್ರೌಂಡ್, ಎರಡು ಚಪ್ಪಟೆ ತೂತುಗಳು ಹಾಟ್ ಮತ್ತು ನ್ಯೂಟ್ರಲ್. ಎರಡು ಚಪ್ಪಟೆ ತೂತುಗಳ ನಡುವೆ ಸುಮಾರು 120 ಬರಬೇಕು. ದುಂಡನೆಯದಕ್ಕೂ ಹಾಟ್‌ಗೂ ನಡುವೆ 120, ನ್ಯೂಟ್ರಲ್‌ಗೂ ನಡುವೆ ಸೊನ್ನೆ ಅಥವಾ ಅದಕ್ಕೆ ಹತ್ತಿರ. 50 ಆಂಪಿಯರ್‌ನಲ್ಲಿ ಎರಡು ಹಾಟ್‌ಗಳ ನಡುವೆ 240, ಒಂದೊಂದು ಹಾಟ್‌ನಿಂದ ನ್ಯೂಟ್ರಲ್‌ಗೆ 120. ಲೋಡ್ ಇಲ್ಲದಿರುವಾಗ 114ರಿಂದ 126ರ ಒಳಗಿದ್ದರೆ ಚೆನ್ನಾಗಿದೆ ಅಂತ ಅರ್ಥ. ಮಳೆ ಬರುತ್ತಿದ್ದರೆ, ಕೈ ನಡುಗುತ್ತಿದ್ದರೆ, ಮೊದಲ ಸಲ ಆಗಿದ್ದರೆ ಈ ಹೆಜ್ಜೆ ಬಿಟ್ಟುಬಿಡಿ. ಇಎಂಎಸ್ ಇದೇ ಕೆಲಸ ಮಾಡುತ್ತದೆ.

ಪ್ಲಗ್ ಹಾಕುವ ಕ್ರಮ

ಬ್ರೇಕರ್ ಆಫ್. ಇಎಂಎಸ್ ಒಂದನ್ನೇ ಸಾಕೆಟ್‌ಗೆ ಹಾಕಿ, ಗಾಡಿಯ ಕೇಬಲ್ ಇನ್ನೂ ನೆಲದ ಮೇಲೇ ಇರಲಿ. ಪ್ಲಗ್ ಬಿಗಿಯಾಗಿ ಕೂರಬೇಕು. ತನ್ನ ಭಾರಕ್ಕೇ ಜೋತುಬಿದ್ದರೆ ಆ ಸಾಕೆಟ್ ಬೇಡ. ಈಗ ಬ್ರೇಕರ್ ಆನ್ ಮಾಡಿ ಓದಿ. ಕೆಲವು ಇಎಂಎಸ್‌ಗಳು ಕರೆಂಟ್ ಬಿಡಲು 136 ಸೆಕೆಂಡ್ ಕಾಯಿಸುತ್ತವೆ. ಕೆಟ್ಟಿದೆ ಅಂದುಕೊಳ್ಳಬೇಡಿ. ಆಗ ತಾನೇ ನಿಂತ ಎಸಿ ಕಂಪ್ರೆಸರ್ ಒಳಗಿನ ಒತ್ತಡ ಇಳಿಯಲು ಅಷ್ಟು ಹೊತ್ತು ಬೇಕು ಅಂತ ಹಾಗೆ ಮಾಡಿರುತ್ತಾರೆ. ದೋಷದ ಕೋಡ್‌ಗಳ ಪಟ್ಟಿ ಜೊತೆಯಲ್ಲೇ ಬರುತ್ತದೆ. ಅದನ್ನು ಫೋಟೋ ಹೊಡೆದು ಫೋನಿನಲ್ಲಿ ಇಟ್ಟುಕೊಳ್ಳಿ.

ಎಲ್ಲ ಸರಿ ಇದ್ದರೆ ಮತ್ತೆ ಬ್ರೇಕರ್ ಆಫ್. ಗಾಡಿಯೊಳಗೆ ಎಸಿ, ವಾಟರ್ ಹೀಟರ್ ಆಫ್ ಇವೆಯಾ ನೋಡಿ. ಕೇಬಲ್ಲನ್ನು ಮೊದಲು ಗಾಡಿಗೆ, ಆಮೇಲೆ ಇಎಂಎಸ್‌ಗೆ ಹಾಕಿ. ಉಳಿದ ಕೇಬಲ್ಲನ್ನು ಬಿಗಿಯಾಗಿ ಸುರುಳಿ ಸುತ್ತಿ ಇಡಬೇಡಿ, ಕಾಯುತ್ತದೆ. ಹಾವಿನ ಹಾಗೆ ಅಗಲಕ್ಕೆ ಹರಡಿ. ಆಮೇಲೆ ಬ್ರೇಕರ್ ಆನ್. ಕರೆಂಟ್ ಬಂದ ಮೇಲೆ ಬಾಗಿಲ ಹತ್ತಿರದ ಲೋಹಕ್ಕೆ ಪೆನ್ ಟೆಸ್ಟರ್ ಹಿಡಿಯಿರಿ. ಅದು ಕೀಂ ಅಂದರೆ ಗಾಡಿಯ ಮೈಯಲ್ಲಿ ಕರೆಂಟ್ ಇದೆ, ಮುಟ್ಟದೆ ಹೋಗಿ ಬ್ರೇಕರ್ ಇಳಿಸಿ.

ಈಗ ಎಸಿ ಒಂದನ್ನೇ ಆನ್ ಮಾಡಿ, ವೋಲ್ಟೇಜ್ ಎಷ್ಟು ಇಳಿಯುತ್ತದೆ ನೋಡಿ. 121 ಇದ್ದದ್ದು 117 ಆದರೆ ಚಿಂತೆ ಇಲ್ಲ. ಒಂದೇ ಎಸಿಗೆ ಹತ್ತು ವೋಲ್ಟ್ ಕುಸಿದರೆ ಆ ಪೆಡೆಸ್ಟಲ್‌ನ ವೈರ್ ದುರ್ಬಲ ಅಥವಾ ಎಲ್ಲೋ ಜಾಯಿಂಟ್ ಸಡಿಲ. ಬೆಳಿಗ್ಗೆಯೇ ಹಾಗಿದ್ದರೆ ಮಧ್ಯಾಹ್ನ ಉಳಿಯುವುದಿಲ್ಲ.

ಒಂದು ಗಂಟೆ ಬಿಟ್ಟು ಹೋಗಿ ಪ್ಲಗ್ಗಿನ ಮೈ ಮೇಲೆ ಅಂಗೈ ಇಡಿ. ಸ್ವಲ್ಪ ಬೆಚ್ಚಗಿರುವುದು ಸಹಜ. ಕೈ ಹಿಂದಕ್ಕೆ ತೆಗೆಯುವಷ್ಟು ಬಿಸಿ ಇದ್ದರೆ ತಕ್ಷಣ ಒಳಗಿನ ಲೋಡ್ ಆಫ್ ಮಾಡಿ, ಬ್ರೇಕರ್ ಇಳಿಸಿ. ಈ ಬಿಸಿಯನ್ನು ಎಲ್ಲ ಇಎಂಎಸ್‌ಗಳೂ ಹಿಡಿಯುವುದಿಲ್ಲ, ನಿಮ್ಮ ಅಂಗೈ ಹಿಡಿಯುತ್ತದೆ. ಅಪ್ಪ ಆ ಪ್ರವಾಸ ಮುಗಿಯುವವರೆಗೂ ಇದನ್ನು ತಮ್ಮ ಕೆಲಸ ಮಾಡಿಕೊಂಡರು. ಕಾಫಿ ಲೋಟ ಎಡಗೈಯಲ್ಲಿ, ಬಲಗೈ ಪ್ಲಗ್ಗಿನ ಮೇಲೆ.

ಅಡುಗೆ ಹೊತ್ತಿನ ಲೆಕ್ಕ

30 ಆಂಪಿಯರ್ ಇದ್ದರೂ ಗಂಟೆಗಟ್ಟಲೆ ಎಳೆಯುವುದಾದರೆ 24ರ ಒಳಗೆ ಇರಿ. ಎಸಿಗೆ ಸುಮಾರು 13ರಿಂದ 15 ಆಂಪಿಯರ್ ಬೇಕು. 1,800 ವ್ಯಾಟ್ ಇಂಡಕ್ಷನ್ ಒಲೆಗೆ 15. ವಾಟರ್ ಹೀಟರ್ ಕರೆಂಟ್‌ನಲ್ಲಿ ಓಡಿದರೆ 12. 1,500 ವ್ಯಾಟ್ ಹೇರ್ ಡ್ರೈಯರ್‌ಗೆ ಹನ್ನೆರಡೂವರೆ. ಅಂದರೆ ಒಬ್ಬರು ಅನ್ನಕ್ಕೆ ಇಟ್ಟು, ಇನ್ನೊಬ್ಬರು ಸ್ನಾನಕ್ಕೆ ಹೋಗಿ, ಎಸಿಯೂ ಓಡುತ್ತಿದ್ದರೆ ಬ್ರೇಕರ್ ಬೀಳುವುದು ಖಂಡಿತ. ವಾಟರ್ ಹೀಟರ್ ಮತ್ತು ಫ್ರಿಜ್ ಗ್ಯಾಸ್‌ನಲ್ಲೂ ಓಡುವಂಥವಾದರೆ ಗ್ಯಾಸ್‌ಗೆ ತಿರುಗಿಸಿ. ಅಡುಗೆ ಮಾಡುವ ಅರ್ಧ ಗಂಟೆ ಎಸಿ ನಿಲ್ಲಿಸಿ, ಕಿಟಕಿ ತೆಗೆಯಿರಿ. ಒಗ್ಗರಣೆ ಘಾಟಿಗೆ ಅದೇ ಒಳ್ಳೆಯದು. ಊರಿನಿಂದ ತಂದ 230 ವೋಲ್ಟ್ ಮಿಕ್ಸಿ ಇಲ್ಲಿ ಸರಿಯಾಗಿ ಓಡುವುದಿಲ್ಲ, 110-120 ವೋಲ್ಟ್‌ನದ್ದೇ ಬೇಕು.

ಮಧ್ಯಾಹ್ನ ವೋಲ್ಟೇಜ್ 108ಕ್ಕೆ ಇಳಿದರೆ ಇಎಂಎಸ್ ಕಡಿಯುವವರೆಗೆ ಕಾಯಬೇಡಿ. ಎಸಿ ಬಿಟ್ಟು ಮಿಕ್ಕ ದೊಡ್ಡ ಲೋಡ್ ತೆಗೆಯಿರಿ. ಆಗಲೂ ಏರದಿದ್ದರೆ ಎಸಿ ನಿಲ್ಲಿಸಿ, ನೆರಳಿಗೆ ಹೋಗಿ ಕೂತುಕೊಳ್ಳಿ. ನಿಮ್ಮದು 30ರ ಗಾಡಿಯಾಗಿದ್ದು ಸೈಟಿನಲ್ಲಿ 50ರ ಸಾಕೆಟ್ ಇದ್ದರೆ ಅಡಾಪ್ಟರ್ ಹಾಕಿ ಅದನ್ನು ಬಳಸಬಹುದು. ಅದರ ವೈರ್ ದಪ್ಪ, ಸಾಕೆಟ್ಟೂ ಸಾಮಾನ್ಯವಾಗಿ ಕಮ್ಮಿ ಸವೆದಿರುತ್ತದೆ. ನಾನು ಎಷ್ಟೋ ಸಲ ಹಾಗೇ ಮಾಡುತ್ತೇನೆ.

ಗುಡುಗು ಬಂದರೆ

ಮಲೆನಾಡಿನ ಮನೆಗಳಲ್ಲಿ ಮೋಡ ಕಟ್ಟಿದರೆ ಟಿವಿ ಪ್ಲಗ್ ಕೀಳುತ್ತಾರಲ್ಲ, ಅದೇ ಸರಿ. ಸಿಡಿಲು ನೇರವಾಗಿ ಅಥವಾ ತೀರಾ ಹತ್ತಿರ ಬಿದ್ದರೆ ಯಾವ ಪ್ರೊಟೆಕ್ಟರ್ ಕೂಡ ಗಾಡಿಯನ್ನು ಉಳಿಸುವುದಿಲ್ಲ. ದೂರದಲ್ಲಿ ಗುಡುಗು ಕೇಳಿಸುವ ಮುಂಚೆಯೇ, ಹವಾಮಾನದ ಎಚ್ಚರಿಕೆ ಬಂದಾಗಲೇ ಲೋಡ್ ಆಫ್ ಮಾಡಿ, ಬ್ರೇಕರ್ ಇಳಿಸಿ, ಪ್ಲಗ್ ಕಿತ್ತಿಡಿ. ರಾತ್ರಿ ಬ್ಯಾಟರಿ ದೀಪ ಸಾಕು. ಮಿಂಚು ಶುರುವಾದ ಮೇಲೆ ಒದ್ದೆ ನೆಲದ ಮೇಲೆ ನಿಂತು ಕೇಬಲ್ ಹಿಡಿಯಲು ಹೋಗಬೇಡಿ. ಆಗ ಗಾಡಿ ಹೋದರೆ ಹೋಗಲಿ.

ಕರೆಂಟ್ ತಾನಾಗಿ ಹೋದರೂ ಅಷ್ಟೇ. ಬ್ರೇಕರ್ ಇಳಿಸಿಬಿಡಿ. ವಾಪಸ್ ಬಂದು ಐದು ನಿಮಿಷ ನಿಂತ ಮೇಲೆ ಆನ್ ಮಾಡಿ. ದೊಡ್ಡ ಸರ್ಜ್ ಒಂದನ್ನು ತಿಂದ ಪ್ರೊಟೆಕ್ಟರ್ ತನ್ನ ಕೆಲಸ ಮುಗಿಸಿದೆ. ಸರ್ಜ್ ದೀಪ ಆರಿದ್ದರೆ ಅಥವಾ ಬದಲಾಯಿಸಿ ಅನ್ನುವ ಕೋಡ್ ಬಂದರೆ ಬದಲಾಯಿಸಿ. ಗಾಡಿಗೆ ಕರೆಂಟ್ ಹೋಗುತ್ತಿದೆ ಅನ್ನುವ ಮಾತ್ರಕ್ಕೆ ಅದು ಇನ್ನೂ ಕಾಯುತ್ತಿದೆ ಅಂತಲ್ಲ.

ಮನೆಯಲ್ಲಿ ಆಗುವ ಎರಡು ತಪ್ಪು

ಪ್ರವಾಸದ ಹಿಂದಿನ ದಿನ ಫ್ರಿಜ್ ತಂಪು ಮಾಡಲು ಮನೆ ಮುಂದೆಯೇ ಪ್ಲಗ್ ಹಾಕುತ್ತೇವೆ. ಅದಕ್ಕಾಗಿ ಎಲೆಕ್ಟ್ರಿಷಿಯನ್ ಕರೆದು "30 ಆಂಪಿಯರ್ ಸಾಕೆಟ್ ಹಾಕಿಕೊಡಿ" ಅಂದರೆ, ಬಟ್ಟೆ ಒಣಗಿಸುವ ಡ್ರೈಯರ್‌ನ 30 ಆಂಪಿಯರ್ ಥರ 240 ವೋಲ್ಟ್ ಕೊಟ್ಟುಬಿಡುವ ತಪ್ಪು ಬಹಳ ಆಗುತ್ತದೆ. ಆರ್‌ವಿಯ 30 ಆಂಪಿಯರ್‌ಗೆ 120 ವೋಲ್ಟ್ ಮಾತ್ರ. ಆ ಸಾಕೆಟ್‌ನ ಹೆಸರು ಟಿಟಿ-30. ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ: "ಟಿಟಿ-30, 120 ವೋಲ್ಟ್." ಅವರು ಹೋಗುವ ಮುಂಚೆ ಎದುರಿಗೇ ಅಳತೆ ಮಾಡಿಸಿ.

ಎರಡನೆಯದು, ಗ್ಯಾರೇಜಿನಲ್ಲಿ ಎಲೆಕ್ಟ್ರಿಕ್ ಕಾರಿಗೆ ಅಂತ ಹಾಕಿಸಿದ ನಾಲ್ಕು ತೂತಿನ 14-50 ಸಾಕೆಟ್. ಅದು 50 ಆಂಪಿಯರ್ ಆರ್‌ವಿ ಸಾಕೆಟ್‌ನ ಥರವೇ ಇರುತ್ತದೆ, ಪ್ಲಗ್ಗೂ ಸರಿಯಾಗಿ ಕೂರುತ್ತದೆ. ಆದರೆ ಕಾರ್ ಚಾರ್ಜರ್‌ಗೆ ನ್ಯೂಟ್ರಲ್ ಬೇಡ. ಅದಕ್ಕೇ ಕೆಲವರು ನ್ಯೂಟ್ರಲ್ ವೈರ್ ಎಳೆಯದೆಯೇ ಸಾಕೆಟ್ ಕೂರಿಸಿರುತ್ತಾರೆ. ಅಲ್ಲಿಗೆ ಆರ್‌ವಿ ಹಾಕಿದರೆ ಮೇಲೆ ಹೇಳಿದ 60-180ರ ಕಥೆಯೇ. ಅಳೆಯದೆ ಹಾಕಬೇಡಿ.

ಸಣ್ಣ ಇನ್ವರ್ಟರ್ ಜನರೇಟರ್‌ಗೆ ಹಾಕಿದಾಗ ಇಎಂಎಸ್ ಗ್ರೌಂಡ್ ಇಲ್ಲ ಅಂತ ಹೇಳಿ ಕರೆಂಟ್ ಬಿಡದಿರುವುದೂ ಉಂಟು. ಅಂಥ ಬಹಳಷ್ಟು ಜನರೇಟರ್‌ಗಳಲ್ಲಿ ನ್ಯೂಟ್ರಲ್ ಮತ್ತು ಗ್ರೌಂಡ್ ಒಂದಕ್ಕೊಂದು ಸೇರಿರುವುದಿಲ್ಲ. ಅವೆರಡನ್ನೂ ಸೇರಿಸಲೆಂದೇ ಬಾಂಡಿಂಗ್ ಪ್ಲಗ್ ಸಿಗುತ್ತದೆ, ಜನರೇಟರ್‌ನ ಇನ್ನೊಂದು ಸಾಕೆಟ್‌ಗೆ ಹಾಕಿದರೆ ಆಯಿತು. ಅದನ್ನು ಜನರೇಟರ್‌ನಲ್ಲಿ ಮಾತ್ರ ಬಳಸಿ. ಪೆಡೆಸ್ಟಲ್‌ಗಾಗಲಿ, ಮನೆಯ ಸಾಕೆಟ್‌ಗಾಗಲಿ ಎಂದೂ ಹಾಕಬಾರದು.

ಹೊರಡುವಾಗ

ಮೊದಲು ಒಳಗೆ ಎಸಿ, ಹೀಟರ್ ಆಫ್. ಆಮೇಲೆ ಪೆಡೆಸ್ಟಲ್ ಬ್ರೇಕರ್ ಆಫ್. ಆಮೇಲೆ ಕೇಬಲ್, ಕೊನೆಗೆ ಇಎಂಎಸ್. ಸಾಕೆಟ್ ಸಡಿಲ ಇತ್ತು, ವೋಲ್ಟೇಜ್ ಇಳಿಯುತ್ತಿತ್ತು ಅನ್ನಿಸಿದ್ದರೆ ಇಎಂಎಸ್ ತೋರಿಸಿದ ಅಂಕಿಯ ಫೋಟೋ ಸಮೇತ ಆಫೀಸಿನಲ್ಲಿ ಹೇಳಿ. ನಾಳೆ ಅಲ್ಲಿಗೆ ಬರುವವರ ಗಾಡಿಯಲ್ಲೂ ಮಕ್ಕಳಿರುತ್ತಾರೆ. ಪ್ಲಗ್ಗಿನ ಪಿನ್‌ಗಳನ್ನು ಒಣ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ಬಣ್ಣ ನೋಡಿ, ಆಮೇಲೆ ಕೇಬಲ್ ಸುತ್ತಿ ಒಳಗಿಡಿ.